ಬಸ್ ಟಿಕೆಟ್ಟಿನಲ್ಲಿ ಬಂಡೀಪುರ

ಏಪ್ರಿಲ್ ಹತ್ತರ ಸುಮಾರಿಗೆ ಶಾಲೆಯ ಬಾಗಿಲು ಹಾಕಿತೆಂದರೆ ಮಕ್ಕಳ ಪರೀಕ್ಷೆ ಮುಗಿದು ತಂದೆತಾಯಿಗಳ ಪರೀಕ್ಷೆ ಆರಂಭ. ಬೆಳಗ್ಗೆ ಹತ್ತು ಗಂಟೆಯಾಗುವಷ್ಟರಲ್ಲಿ ‘ಬೇಜಾರು’ ಎಂಬ ಮಾತು ಮನೆಯೊಳಗೆ ಕಾಲಿಡುತ್ತದೆ. ಬೇಸಿಗೆ ಶಿಬಿರಕ್ಕೆ ಸೇರಿಸೋಣವೆಂದರೆ ಶುಲ್ಕ ಕೇಳಿಯೇ ಎದೆ ಧಸಕ್ಕೆನ್ನುತ್ತದೆ. ಅಜ್ಜಿ ಮನೆಗೆ ಕಳಿಸೋಣವೆಂದರೆ ಆ ಮನೆಗೆ ಬೀಗ ಬಿದ್ದು ವರ್ಷಗಳಾಗಿವೆ. ಉಳಿಯುವುದು ಟಿ.ವಿ. ಮತ್ತು ಮೊಬೈಲು.

ಈಚೆಗೊಂದು ಬೇಸಿಗೆಯಲ್ಲಿ ನಮ್ಮ ಮನೆಯಲ್ಲೂ ಇದೇ ಕಥೆ. ಏಳನೇ ತರಗತಿಯ ಮಗಳು, ನಾಲ್ಕನೇ ತರಗತಿಯ ಮಗ. ಮಗನದು ಒಂದೇ ಹಟ: ‘ಬಂಡೀಪುರಕ್ಕೆ ಹೋಗೋಣ, ಹುಲಿ ನೋಡೋಣ.’ ಮೈಸೂರಿನಿಂದ ಬಂಡೀಪುರ ಎಷ್ಟು ದೂರ? ಎಂಬತ್ತು ಕಿಲೋಮೀಟರು. ಆದರೆ ವಿಚಾರಿಸುತ್ತ ಹೋದಂತೆ ಅದು ದೂರವಾಗುತ್ತಲೇ ಹೋಯಿತು. ಕಾಡಂಚಿನ ರೆಸಾರ್ಟಿನಲ್ಲಿ ಒಂದು ರಾತ್ರಿ ತಂಗುವ ದರ ನಮ್ಮ ಮನೆಯ ತಿಂಗಳ ದಿನಸಿಗಿಂತ ಹೆಚ್ಚು. ಸಫಾರಿಯ ಜೀಪಿನಲ್ಲಿ ನಾಲ್ವರು ಕೂರುವ ಖರ್ಚು ಬೇರೆ. ಅಷ್ಟು ಕೊಟ್ಟರೂ ಹುಲಿ ಕಾಣುತ್ತದೆಂದು ಯಾರೂ ಬರೆದುಕೊಡುವುದಿಲ್ಲ.

ಆಗ ಮಗಳು ಒಂದು ಉಪಾಯ ಹೇಳಿದಳು. ‘ಹುಲೀನ ಪಟ್ಟಿಯಿಂದ ತೆಗೆದುಬಿಟ್ಟರೆ ಎಷ್ಟಾಗುತ್ತೆ ಅಪ್ಪ?’

ಲೆಕ್ಕ ಹಾಕಿದೆವು. ಹುಲಿಯನ್ನು ಪಟ್ಟಿಯಿಂದ ತೆಗೆದ ಕೂಡಲೇ ಬಂಡೀಪುರ ಬಸ್ ಟಿಕೆಟ್ಟಿನ ಅಳತೆಗೆ ಇಳಿಯಿತು. ಮೈಸೂರು, ಚಾಮರಾಜನಗರ, ಗುಂಡ್ಲುಪೇಟೆ ಈ ಮೂರೂ ಸೇರಿ ಒಂದು ತ್ರಿಕೋನ. ಒಂದು ಬದಿಯನ್ನು ರೈಲಿನಲ್ಲಿ, ಉಳಿದೆರಡನ್ನು ಬಸ್ಸಿನಲ್ಲಿ ಸುತ್ತಿ, ತುದಿಯಲ್ಲಿ ಕಾಡನ್ನು ಹೊಕ್ಕು ಬರುವುದು. ಎರಡು ಹಗಲು, ಒಂದು ರಾತ್ರಿ. ಇಬ್ಬರು ಮಕ್ಕಳಿಗೂ ಒಂದೊಂದು ನೂರು ಪುಟದ ನೋಟ್‌ಬುಕ್ಕು. ಕಂಡದ್ದನ್ನೆಲ್ಲ ಬರೆಯಬೇಕು, ಕಾಣದ್ದನ್ನು ಬರೆಯಕೂಡದು. ಇದೊಂದೇ ನಿಯಮ.

ಹಳಿ ಮುಗಿಯುವ ಊರು

ಮೈಸೂರಿನಿಂದ ಚಾಮರಾಜನಗರಕ್ಕೆ ಹೋಗುವ ಪ್ಯಾಸೆಂಜರ್ ರೈಲು ಬಡವರ ಬಂಧು. ಅರವತ್ತು ಕಿಲೋಮೀಟರಿಗೆ ತಲೆಗೆ ತಗಲುವ ಹಣ ಪೇಟೆಯ ಹೋಟೆಲಿನ ಒಂದು ಮಸಾಲೆ ದೋಸೆಗಿಂತ ಕಡಿಮೆ. ಊಟಿ ಕಡೆಗೆ ಕಾರಿನಲ್ಲಿ ಧಾವಿಸುವವರಿಗೆ ಈ ದಾರಿ ಇರುವುದೇ ಗೊತ್ತಿಲ್ಲ.

ನಂಜನಗೂಡು ಸಮೀಪಿಸುವಾಗ ಮಕ್ಕಳನ್ನು ಕಿಟಕಿಯ ಪಕ್ಕ ಕೂರಿಸಿಕೊಳ್ಳಿ. ಕಪಿಲೆಯ ಮೇಲೆ ಕಲ್ಲಿನ ಕಮಾನುಗಳ ಹಳೆಯ ಸೇತುವೆಯೊಂದು ಕಾಣುತ್ತದೆ. ಅದನ್ನು ಕಟ್ಟಿದ್ದು 1735ರಲ್ಲಿ, ಮೈಸೂರಿನ ದಳವಾಯಿಗಳ ಕಾಲದಲ್ಲಿ. ನಮ್ಮ ದೇಶಕ್ಕೆ ರೈಲು ಬರುವುದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲೇ ಕಟ್ಟಿದ ಈ ಸೇತುವೆಯ ಮೇಲೆ ಮುಂದೆ ರೈಲೂ ಓಡಿತು, ಗಾಡಿಗಳೂ ಓಡಿದವು. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದ ಮೇಲೆ ಪಕ್ಕದಲ್ಲಿ ಹೊಸ ಸೇತುವೆ ಎದ್ದಿತು. ‘ಎತ್ತಿನ ಗಾಡಿಗೆ ಅಂತ ಕಟ್ಟಿದ್ದು ರೈಲನ್ನೂ ಹೊತ್ತಿತಾ?’ ಎಂದು ಮಗ ಬಾಯಿ ಬಿಟ್ಟು ನೋಡಿದ. ಅವನ ಪುಸ್ತಕದ ಮೊದಲ ಸಾಲು ಅದೇ ಆಯಿತು.

ಕವಲಂದೆ, ಬದನಗುಪ್ಪೆ ದಾಟಿ ಚಾಮರಾಜನಗರ ತಲುಪಿದರೆ ಹಳಿ ಅಲ್ಲಿಗೇ ಮುಗಿಯುತ್ತದೆ. ಇಲ್ಲಿಂದ ಗುಡ್ಡ ಇಳಿಸಿ ತಮಿಳುನಾಡಿಗೆ ಕೂಡಿಸುವ ಮಾತು ತಲೆಮಾರುಗಳಿಂದ ನಡೆದಿದೆ, ಮಾತಾಗಿಯೇ ಉಳಿದಿದೆ. ನಡುವೆ ಇರುವುದು ಆನೆಗಳ ಕಾಡು. ಹಳಿ ಕೊನೆಗೊಳ್ಳುವ ಜಾಗವನ್ನು ಮಕ್ಕಳು ಜೀವಮಾನದಲ್ಲಿ ನೋಡಿರುವುದಿಲ್ಲ. ನಮ್ಮವರು ಹತ್ತು ನಿಮಿಷ ಅಲ್ಲೇ ನಿಂತರು.

ಈ ಊರಿಗೆ ಹಿಂದೆ ಅರಿಕುಠಾರ ಎಂದು ಹೆಸರು. ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆ ಚಾಮರಾಜ ಒಡೆಯರು ಹುಟ್ಟಿದ್ದು ಇಲ್ಲಿ. ಆ ನೆನಪಿಗೆ 1818ರಲ್ಲಿ ಊರಿನ ಹೆಸರು ಬದಲಾಯಿತು, 1826ರಲ್ಲಿ ಚಾಮರಾಜೇಶ್ವರ ದೇವಾಲಯ ಎದ್ದಿತು. ತಂದೆ ಹುಟ್ಟಿದ ಜಾಗದಲ್ಲಿ ಮಗ ಕಟ್ಟಿಸಿದ ಜನನ ಮಂಟಪವೂ ಇದೆ. 1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಹೊಸ ಜಿಲ್ಲೆಯಾದಾಗ ಅದಕ್ಕೂ ಇದೇ ಹೆಸರು. ದೇವಾಲಯದ ಒಳಾಂಗಣ ಬಿಸಿಲಿನ ಹೊತ್ತಿನಲ್ಲೂ ತಂಪು. ಇಲ್ಲಿಯ ತೇರು ಆಷಾಢದಲ್ಲಿ. ಹೊಸದಾಗಿ ಮದುವೆಯಾದ ಗಂಡಹೆಂಡಿರನ್ನು ಆಷಾಢದಲ್ಲಿ ದೂರವಿಡುವುದು ಎಲ್ಲೆಡೆಯ ರೂಢಿಯಾದರೆ, ಈ ತೇರಿಗೆ ಬರುವವರೆಲ್ಲ ಹೊಸ ಜೋಡಿಗಳೇ! 2017ರಲ್ಲಿ ತೇರಿಗೆ ಬೆಂಕಿ ಬಿದ್ದು, ಹೊಸ ತೇರು ಮಾಡಿಸಿ 2022ರಲ್ಲಿ ಮತ್ತೆ ಎಳೆಯುವವರೆಗೆ ಊರಿನವರು ಕಾದರು.

ಚಿತ್ರಾನ್ನದ ಬುತ್ತಿ ಬಿಚ್ಚಿ ಊಟ ಮುಗಿಸಿ ಗುಂಡ್ಲುಪೇಟೆಯ ಬಸ್ಸು ಹತ್ತಿದೆವು. ಇಲ್ಲೊಂದು ತಮಾಷೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ, ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ದುಡ್ಡಿಲ್ಲ. ಮಗನಿಗೆ ಹನ್ನೆರಡು ತುಂಬಿಲ್ಲವಾದ್ದರಿಂದ ಅರ್ಧ ಟಿಕೆಟ್ಟು. ಇಡೀ ಸಂಸಾರದಲ್ಲಿ ಪೂರ್ತಿ ದುಡ್ಡು ಕೊಟ್ಟು ಕೂತವನು ನಾನೊಬ್ಬನೇ. ನನಗೆ ಕಿಟಕಿಯ ಸೀಟೂ ಸಿಗಲಿಲ್ಲ.

ದಾರಿಯಲ್ಲಿ ತೆರಕಣಾಂಬಿ. ಇಂದು ನೋಡಿದರೆ ತರಕಾರಿ ಮಾರುಕಟ್ಟೆಯ ಊರು. ಒಂದು ಕಾಲದಲ್ಲಿ ತ್ರಿಕದಂಬಪುರವೆನಿಸಿ ಪಾಳೆಯಗಾರರು ಆಳಿದ ಪಟ್ಟಣ. ಹಳೆಯ ಗುಡಿಗಳ ನಡುವೆ ಇಲ್ಲಿ ಸುಗ್ರೀವನಿಗೂ ಒಂದು ಗುಡಿಯಿದೆ. ಆಂಜನೇಯನ ಗುಡಿಯಿಲ್ಲದ ಊರಿಲ್ಲ ನಿಜ, ಅವನ ಒಡೆಯ ಸುಗ್ರೀವನಿಗೆ ಗುಡಿ ಕಟ್ಟಿದ ಊರು ಎಷ್ಟಿದ್ದೀತು? ಬಸ್ಸಿಳಿದು, ನೋಡಿಕೊಂಡು, ಮುಂದಿನ ಬಸ್ಸು ಹತ್ತುವುದಕ್ಕೆ ಒಂದು ಗಂಟೆ ಸಾಕು.

ತೆರಕಣಾಂಬಿಯಿಂದಾಚೆ ದಾರಿಯ ಎರಡೂ ಬದಿ ಉತ್ತು ಬಿಟ್ಟ ಹೊಲಗಳು. ಹೊಲವೆಲ್ಲ ಮೊದಲ ಮಳೆಗೆ ಬಾಯಿ ತೆರೆದು ಮಲಗಿದ್ದವು. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬ ಗಾದೆಯ ಅರ್ಥ ಮಗಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ. ಈ ಮಳೆಗೆ ಬಿತ್ತಿದ ಸೂರ್ಯಕಾಂತಿ ಜೂನ್, ಜುಲೈಯಲ್ಲಿ ಹೂವಾಗಿ, ಗುಂಡ್ಲುಪೇಟೆಯ ರಸ್ತೆಯುದ್ದಕ್ಕೂ ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುವವರ ಜಾತ್ರೆ ಸೇರುತ್ತದೆ. ನಾವು ನೋಡಿದ್ದು ಹೂವಿಗೆ ಮೊದಲಿನ ಮಣ್ಣನ್ನು.

ಗುಂಡ್ಲುಪೇಟೆಯಲ್ಲಿ ಸಂಜೆ, ಚಿಕ್ಕದೇವರಾಜ ಒಡೆಯರು ತಮ್ಮ ತಂದೆಯ ನೆನಪಿಗೆ ಕಟ್ಟಿಸಿದ ಪರವಾಸುದೇವ ದೇವಾಲಯ ನೋಡಿದೆವು. ಒಂದೇ ದಿನದಲ್ಲಿ, ಮಕ್ಕಳು ಅಪ್ಪಂದಿರಿಗಾಗಿ ಕಟ್ಟಿಸಿದ ಎರಡು ಗುಡಿಗಳಾದವು. ‘ನೀನು ನನಗೇನು ಕಟ್ಟಿಸುತ್ತೀಯಪ್ಪ?’ ಎಂದು ಮಗನನ್ನು ಕೇಳಿದೆ. ‘ಮೊದಲು ಬೂಟಿನ ಲೇಸು ಕಟ್ಟಿಕೊಡು’ ಎಂದ. ರಾತ್ರಿ ಬಸ್ ನಿಲ್ದಾಣದ ಬಳಿಯ ಸಾಧಾರಣ ವಸತಿಗೃಹದಲ್ಲಿ ನಿದ್ರೆ.

ಆರು ಗಂಟೆಯ ಗೇಟು

ಎರಡನೆಯ ದಿನ ಐದಕ್ಕೇ ಎದ್ದು ಊಟಿಯ ಕಡೆ ಹೋಗುವ ಬಸ್ಸು ಹಿಡಿದೆವು. ಮೇಲುಕಾಮನಹಳ್ಳಿಯ ಗೇಟಿನ ಬಳಿ ಲಾರಿ, ಕಾರು, ಬಸ್ಸುಗಳು ಸಾಲುಗಟ್ಟಿ ನಿಂತಿದ್ದವು. ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಈ ರಸ್ತೆ ಮನುಷ್ಯರದ್ದಲ್ಲ. ರಾತ್ರಿ ಓಡುವ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ 2009ರಲ್ಲಿ ರಾತ್ರಿ ಸಂಚಾರ ನಿಷೇಧಿಸಲಾಯಿತು. ತುರ್ತು ವಾಹನಗಳು ಮತ್ತು ಲೆಕ್ಕಕ್ಕೆ ಸಿಕ್ಕುವಷ್ಟು ಬಸ್ಸುಗಳನ್ನು ಬಿಟ್ಟರೆ ಉಳಿದವು ಕಾಯಬೇಕು. ‘ಹಾಗಾದರೆ ಒಂಬತ್ತು ಗಂಟೆ ಅವುಗಳಿಗೆ, ಹದಿನೈದು ಗಂಟೆ ನಮಗೆ. ಕಾಡು ಅವುಗಳದ್ದೇ ಅಲ್ಲವಾ?’ ಎಂದಳು ಮಗಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಅಷ್ಟರಲ್ಲಿ ಗೇಟು ತೆರೆಯಿತು.

ಬೇಸಿಗೆಯ ಕಾಡನ್ನು ಕಂಡು ಕೆಲವರು ನಿರಾಶೆಪಡುತ್ತಾರೆ. ಹಸಿರಿಲ್ಲ. ತೇಗ, ಮತ್ತಿ, ದಿಂಡಿಗದ ಮರಗಳು ಎಲೆಯುದುರಿಸಿ ಬತ್ತಲಾಗಿ ನಿಂತಿರುತ್ತವೆ. ಇದು ಒಣಗಿದ ಕಾಡಲ್ಲ, ನೀರು ಉಳಿಸುತ್ತಿರುವ ಕಾಡು. ಎಲೆಯಿದ್ದರೆ ಅದರ ಮೂಲಕ ನೀರು ಆವಿಯಾಗಿ ಹೋಗುತ್ತದೆ. ನೀರು ಸಾಲದ ತಿಂಗಳುಗಳಲ್ಲಿ ಮರ ಎಲೆಯನ್ನೇ ಕಳಚಿಬಿಡುತ್ತದೆ. ಶಾಲೆಯಲ್ಲಿ ‘ಪರ್ಣಪಾತಿ ಅರಣ್ಯ’ ಎಂದು ಬಾಯಿಪಾಠ ಮಾಡಿದ್ದನ್ನು ಮಗಳು ಮೊದಲ ಸಲ ಕಣ್ಣಿನಿಂದ ಓದಿದಳು. ನಡುನಡುವೆ ಕಕ್ಕೆಯ ಮರವೊಂದು ಮೈತುಂಬ ಹಳದಿ ಗೊಂಚಲು ತೂಗಿಬಿಟ್ಟುಕೊಂಡು ನಿಂತರೆ ಇಡೀ ಬಸ್ಸು ಆ ಕಡೆ ವಾಲುತ್ತದೆ.

ಎಲೆಯಿಲ್ಲದ್ದರಿಂದಲೇ ಒಂದು ಲಾಭ. ಕಾಡಿನೊಳಗೆ ಕಣ್ಣು ದೂರ ಹೋಗುತ್ತದೆ. ಮೊದಲು ಕಂಡಿದ್ದು ಚುಕ್ಕೆ ಜಿಂಕೆಗಳ ಹಿಂಡು. ಮೇಲಿನ ಮರದಲ್ಲಿ ಮುಸುವಗಳು. ಈ ಎರಡಕ್ಕೂ ಹಳೆಯ ಸ್ನೇಹ. ಮುಸುವ ತಿಂದು ಕೆಡವಿದ ಚಿಗುರು, ಕಾಯಿ ಜಿಂಕೆಗೆ ಊಟ. ಮೇಲಿಂದ ಮುಸುವ ಹುಲಿಯನ್ನೋ ಚಿರತೆಯನ್ನೋ ಕಂಡು ಕೂಗಿಕೊಂಡರೆ ಜಿಂಕೆ ಕಿವಿ ನಿಮಿರಿಸುತ್ತದೆ. ವಾಸನೆ ಹಿಡಿದು ಜಿಂಕೆ ಕೂಗಿದರೆ ಮುಸುವ ಮೇಲೇರುತ್ತದೆ. ಆಮೇಲೆ ನವಿಲು, ಮಣ್ಣಿನ ಹುತ್ತಗಳು, ಒಂಟಿ ಕಾಟಿ. ಬಂಡೀಪುರ ದಾಟಿ ಸ್ವಲ್ಪ ದೂರದಲ್ಲಿ, ರಸ್ತೆಯಿಂದ ಐವತ್ತು ಮಾರು ಒಳಗೆ, ಧೂಳಿನ ಬಣ್ಣದ ಬಂಡೆಯೊಂದು ಅಲುಗಿತು. ಆನೆ! ಪಕ್ಕದಲ್ಲಿ ಮರಿ. ಚಾಲಕರು ಬಸ್ಸು ನಿಲ್ಲಿಸಲಿಲ್ಲ, ನಿಧಾನವನ್ನೂ ಮಾಡಲಿಲ್ಲ. ಅದೇ ಸರಿ. ನೋಡಿದ್ದು ಐದಾರು ಸೆಕೆಂಡು, ಮಾತಾಡಿದ್ದು ಅರ್ಧ ದಿನ.

ಈ ಕಾಡಿನ ಕಥೆಯನ್ನೂ ಬಸ್ಸಿನಲ್ಲೇ ಹೇಳಿದೆ. 1931ರಲ್ಲಿ ಮೈಸೂರು ಮಹಾರಾಜರ ಆಳ್ವಿಕೆಯಲ್ಲಿ 90 ಚದರ ಕಿ.ಮೀ. ಕಾಡನ್ನು ವನ್ಯಜೀವಿಗಳಿಗೆಂದು ಮೀಸಲಿಟ್ಟರು. 1941ರಲ್ಲಿ ಅದನ್ನು ಸುಮಾರು 800 ಚದರ ಕಿ.ಮೀ.ಗೆ ಹಿಗ್ಗಿಸಿ ವೇಣುಗೋಪಾಲ ವನ್ಯಜೀವಿ ಉದ್ಯಾನ ಎಂದು ಕರೆದರು. 1973ರಲ್ಲಿ ದೇಶದಲ್ಲಿ ಹುಲಿ ಯೋಜನೆ ಆರಂಭವಾದಾಗ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. 2022ರ ಗಣತಿಯಲ್ಲಿ ರಾಜ್ಯದ ಹುಲಿಗಳ ಅಂದಾಜು 563, ಅವುಗಳಲ್ಲಿ 150 ಬಂಡೀಪುರದಲ್ಲಿ. ‘ನೂರೈವತ್ತರಲ್ಲಿ ಒಂದಾದರೂ ಹೊರಗೆ ಬರಬಾರದಾ?’ ಎಂದು ಮಗ ಗೊಣಗಿದ.

ಅವನಿಗೆ ಎ.ಜೆ.ಟಿ. ಜಾನ್‌ಸಿಂಗ್ ಅವರ ಕಥೆ ಹೇಳಿದೆ. 1976ರಿಂದ 78ರವರೆಗೆ ಈ ವಿಜ್ಞಾನಿ ಬಂಡೀಪುರದಲ್ಲಿದ್ದು, ಬಹುಪಾಲು ಕಾಲ್ನಡಿಗೆಯಲ್ಲೇ ಅಲೆದು, ಕಾಡುನಾಯಿಗಳ ಬದುಕನ್ನು ಬರೆದಿಟ್ಟರು. ಆಗ ಕಾಡುನಾಯಿಯೆಂದರೆ ಎಲ್ಲರಿಗೂ ತಾತ್ಸಾರ, ಕೊಂದರೂ ಕೇಳುವವರಿರಲಿಲ್ಲ. ಒಬ್ಬರು ಕೂತು ತಾಳ್ಮೆಯಿಂದ ನೋಡಿದ್ದರಿಂದ ಅದು ಗುಂಪಾಗಿ ಬೇಟೆಯಾಡಿ, ಮರಿಗಳನ್ನು ಗುಂಪಾಗಿ ಸಾಕುವ ಪ್ರಾಣಿಯೆಂದು ಜಗತ್ತಿಗೆ ತಿಳಿಯಿತು. ಮುಂದೆ ನಮ್ಮ ಕೃಪಾಕರ–ಸೇನಾನಿಯವರೂ ಕಾಡುನಾಯಿಗಳ ಬೆನ್ನು ಹತ್ತಿ ವರ್ಷಗಟ್ಟಲೆ ಚಿತ್ರೀಕರಿಸಿದರು. ಹುಲಿಯನ್ನೇ ಕಾಯುತ್ತ ಕೂತವರಿಗೆ ಇದೆಲ್ಲ ಕಾಣುವುದಿಲ್ಲ.

ಗಡಿ ದಾಟಿ ತಮಿಳುನಾಡಿನ ಮುದುಮಲೆಯ ತೆಪ್ಪಕಾಡಿನಲ್ಲಿ ಇಳಿದೆವು. ಮೋಯಾರ್ ಹೊಳೆಯ ದಂಡೆಯ ಆನೆ ಶಿಬಿರ ಇಲ್ಲಿದೆ. 2023ರಲ್ಲಿ ಆಸ್ಕರ್ ಪಡೆದ ‘ದಿ ಎಲಿಫೆಂಟ್ ವಿಸ್ಪರರ್ಸ್’ ಕಿರುಚಿತ್ರದ ಆನೆಮರಿಗಳು ಬೆಳೆದದ್ದು ಇಲ್ಲೇ. ಸಣ್ಣ ಶುಲ್ಕ ಕೊಟ್ಟರೆ ಆನೆಗಳಿಗೆ ಮುದ್ದೆ ಉಣಿಸುವುದನ್ನು ನೋಡಬಹುದು. ರಾಗಿ, ಹುರುಳಿಯನ್ನು ಬೇಯಿಸಿ, ಬೆಲ್ಲ ಸೇರಿಸಿ ಕಟ್ಟಿದ ಮುದ್ದೆ ಒಂದೊಂದೂ ನಮ್ಮ ಮನೆಯ ಕುಕ್ಕರಿನಷ್ಟು. ‘ಇವೂ ನಮ್ಮ ಹಾಗೇ ಮುದ್ದೆ ತಿನ್ನುತ್ತವೆ’ ಎಂದು ಮುದ್ದೆಯೆಂದರೆ ಮುಖ ತಿರುಗಿಸುವ ಮಗ ಬರೆದುಕೊಂಡ. ತಿರುಗಿ ಬರುವ ಬಸ್ಸಿನಲ್ಲಿ ಅದೇ ಕಾಡು, ಆದರೆ ಬೆಳಕು ಬೇರೆ. ಬಿಸಿಲೇರಿದಂತೆ ಪ್ರಾಣಿಗಳೆಲ್ಲ ನೆರಳು ಸೇರಿದ್ದವು.

ಬೆಟ್ಟದ ಮೇಲಿಂದ ಒಂದು ಗೆರೆ

ಮಧ್ಯಾಹ್ನ ಹಂಗಳದಲ್ಲಿ ಇಳಿದು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬುಡಕ್ಕೆ ಹೋದೆವು. ಖಾಸಗಿ ವಾಹನಗಳನ್ನು ಮೇಲಕ್ಕೆ ಬಿಡುವುದಿಲ್ಲ. ಕೆ.ಎಸ್.ಆರ್.ಟಿ.ಸಿ. ಬಸ್ಸಿನಲ್ಲೇ ಎಲ್ಲರೂ ಹೋಗಬೇಕು. ಲಕ್ಷಗಟ್ಟಲೆ ಬೆಲೆಯ ಕಾರಿನಲ್ಲಿ ಬಂದವರೂ, ನಮ್ಮಂತೆ ಬುತ್ತಿ ಚೀಲ ಹಿಡಿದು ಬಂದವರೂ ಒಂದೇ ಸಾಲಿನಲ್ಲಿ ನಿಲ್ಲುವುದನ್ನು ನೋಡಿದಾಗ ಮನಸ್ಸಿಗೆ ಒಂದು ಬಗೆಯ ಸಮಾಧಾನ!

ಬೆಟ್ಟದ ಎತ್ತರ 1454 ಮೀಟರು. ಕೆಳಗೆ ಬೆವರು ಸುರಿಯುತ್ತಿದ್ದರೆ ಮೇಲೆ ತಣ್ಣನೆಯ ಗಾಳಿ. ಗರ್ಭಗುಡಿಯಲ್ಲಿ ಕೊಳಲೂದುವ ವೇಣುಗೋಪಾಲ. ಕೆಳಗಿನ ಕಾಡಿಗೆ 1941ರಲ್ಲಿ ಹೆಸರು ಕೊಟ್ಟವನು ಇವನೇ. ಇಲ್ಲಿಯ ಹಂಸತೀರ್ಥದಲ್ಲಿ ಮಿಂದ ಕಾಗೆ ಹಂಸವಾಯಿತು, ಅಂದಿನಿಂದ ಬೆಟ್ಟದ ಮೇಲೆ ಕಾಗೆಯೇ ಕಾಣುವುದಿಲ್ಲ ಎಂಬುದು ಸ್ಥಳಪುರಾಣ. ಮಕ್ಕಳಿಬ್ಬರೂ ಕಾಗೆ ಹುಡುಕಿದ್ದೇ ಹುಡುಕಿದ್ದು. ಕಾಣಲಿಲ್ಲ. ‘ಕಾಣದ್ದನ್ನು ಬರೆಯಕೂಡದು ಅಂತ ನಿಯಮ, ಕಾಗೆ ಕಾಣಲಿಲ್ಲ ಅಂತ ಬರೆಯಬಹುದಾ?’ ಎಂಬ ಕಾನೂನಿನ ಪ್ರಶ್ನೆ ಎದ್ದಿತು. ಬರೆಯಬಹುದೆಂದು ಅವರಮ್ಮ ತೀರ್ಪು ಕೊಟ್ಟಳು.

ಗುಡಿಯ ಮುಂದೆ ನಿಂತರೆ ದಕ್ಷಿಣಕ್ಕೆ ಬೆಟ್ಟದ ಮೇಲೆ ಬೆಟ್ಟ, ಕಣ್ಣು ಹಾಯುವವರೆಗೆ ಕಾಡು. ಬಂಡೀಪುರ, ಮುದುಮಲೆ, ವಯನಾಡು ಎಲ್ಲ ಒಂದೇ ಹೊದಿಕೆ. 2019ರ ಫೆಬ್ರುವರಿಯಲ್ಲಿ ಈ ಬೆಟ್ಟದ ಸುತ್ತ ಬೆಂಕಿ ಹಬ್ಬಿ ಸಾವಿರಾರು ಎಕರೆ ಕಾಡು ಸುಟ್ಟಿತ್ತು. ಬೋಳಾಗಿದ್ದ ಇಳಿಜಾರುಗಳಲ್ಲಿ ಮತ್ತೆ ಹುಲ್ಲು ಬಂದಿದೆ. ಬೆಂಕಿ ಬೀಳಲು ಒಂದು ಬೀಡಿ ತುಂಡು ಸಾಕು ಎಂದು ಮಕ್ಕಳಿಗೆ ಹೇಳುವ ಜಾಗ ಇದು.

ಬೆಟ್ಟ ಇಳಿಯುವಾಗ ಬಸ್ಸಿನ ಕಿಟಕಿಯಲ್ಲಿ ಉತ್ತರದ ಬಯಲು ತೆರೆದುಕೊಳ್ಳುತ್ತದೆ. ಹೊಲ, ಬಾಳೆತೋಟ, ಹೆಂಚಿನ ಮನೆ, ಕೆರೆ. ಕಾಡೂ ಹೊಲವೂ ಕೂಡುವಲ್ಲಿ ಬಣ್ಣ ಒಮ್ಮೆಗೇ ಬದಲಾಗುತ್ತದೆ, ಸ್ಕೇಲು ಹಿಡಿದು ಗೆರೆ ಎಳೆದಂತೆ. ಆನೆ ದಾಟದಂತೆ ತೋಡಿದ ಕಂದಕ, ಸೋಲಾರ್ ಬೇಲಿ, ಕೆಲವೆಡೆ ಹಳೆಯ ರೈಲು ಕಂಬಿಗಳ ತಡೆ ಆ ಗೆರೆಯುದ್ದಕ್ಕೂ ಇವೆ. 2023ರ ಗಣತಿಯ ಅಂದಾಜಿನಂತೆ ರಾಜ್ಯದಲ್ಲಿ 6395 ಆನೆಗಳು, ಅದರಲ್ಲಿ ಸಾವಿರಕ್ಕೂ ಹೆಚ್ಚು ಬಂಡೀಪುರದಲ್ಲೇ. ಬೇಸಿಗೆಯಲ್ಲಿ ಕೆರೆಕಟ್ಟೆಗಳು ಬತ್ತುತ್ತವೆ. ಅರಣ್ಯ ಇಲಾಖೆ ಸೌರಶಕ್ತಿಯ ಪಂಪಿನಿಂದ ಕಾಡೊಳಗಿನ ಹೊಂಡಗಳಿಗೆ ನೀರು ತುಂಬಿಸುತ್ತದೆ. ಆದರೂ ಗೆರೆಯಾಚೆಯ ಬಾಳೆಯ ಹಸಿರು ಆನೆಗೂ ಕಾಣುತ್ತದಲ್ಲ!

ಹಂಗಳದ ಹುಡುಗನ ಪಟ್ಟಿ

ಈ ಪ್ರವಾಸದಲ್ಲಿ ನಾವು ದುಡ್ಡು ಕೊಡದೆ ಪಡೆದ ಬಹುದೊಡ್ಡ ಪಾಠ ಸಿಕ್ಕಿದ್ದು ಹಂಗಳದಲ್ಲಿ, ಬಸ್ಸಿಗೆ ಕಾಯುವಾಗ. ಮರದ ನೆರಳಿನಲ್ಲಿ ಹುಡುಗನೊಬ್ಬ ಸೌತೆಕಾಯಿ ಸೀಳಿ ಉಪ್ಪುಖಾರ ಹಚ್ಚಿ ಮಾರುತ್ತಿದ್ದ. ಆರನೇ ತರಗತಿಯಂತೆ. ರಜೆಯಲ್ಲಿ ಅಜ್ಜನ ಜೊತೆ ವ್ಯಾಪಾರ. ಸೌತೆಕಾಯಿ ತಿನ್ನುತ್ತ ನನ್ನ ಮಗ ತನ್ನ ಪುಸ್ತಕ ತೆಗೆದು, ಆನೆ ಕಂಡಿದ್ದನ್ನು ಜಂಬದಿಂದ ಓದಿದ. ಆಮೇಲೆ ಕೇಳಿದ: ‘ನೀನು ಸಫಾರಿಗೆ ಎಷ್ಟು ಸಲ ಹೋಗಿದ್ದೀಯ?’

‘ಒಂದ್ಸಲಾನೂ ಇಲ್ಲ. ದುಡ್ಡು ಕೊಟ್ಟು ಆನೆ ನೋಡಾಕ ಯಾಕ್ ವೋಗಬೇಕು? ನಮ್ ವಲಕ್ಕೇ ಬತ್ತದಲ್ಲ’ ಎಂದ ಆ ಹುಡುಗ.

ಅಜ್ಜ ನಕ್ಕರು. ಆದರೆ ಅದು ನಗುವ ಮಾತಾಗಿರಲಿಲ್ಲ. ಫಸಲು ಬಂದ ಕಾಲಕ್ಕೆ ಹೊಲದ ಅಟ್ಟಣೆಯ ಮೇಲೆ ರಾತ್ರಿಯೆಲ್ಲ ಕೂತು, ತಗಡು ಬಡಿದು, ಟಾರ್ಚು ಬಿಟ್ಟು ಕಾಯಬೇಕು. ಒಂದು ರಾತ್ರಿ ಕಣ್ಣು ಮುಚ್ಚಿದರೆ ಆರು ತಿಂಗಳ ದುಡಿಮೆ ಹೋಯಿತು. ಇಲಾಖೆ ಪರಿಹಾರ ಕೊಡುತ್ತದೆ, ಆದರೆ ಹೋದ ಬೆಳೆಯಷ್ಟು ಬರುವುದಿಲ್ಲ ಎಂದರು. ಕತ್ತಲಾದ ಮೇಲೆ ಮಕ್ಕಳನ್ನು ಆಚೆ ಬಿಡುವುದಿಲ್ಲವಂತೆ.

ಮಗಳು ತನ್ನ ನೋಟ್‌ಬುಕ್ಕು, ಪೆನ್ನನ್ನು ಆ ಹುಡುಗನಿಗೆ ಕೊಟ್ಟು, ‘ನೀನು ಕಂಡಿರೋದನ್ನೂ ಬರಿ’ ಎಂದಳು. ಅವನು ಮೊಣಕಾಲ ಮೇಲಿಟ್ಟುಕೊಂಡು ಬರೆದ. ನಮ್ಮ ಮಕ್ಕಳ ಪಟ್ಟಿಯಲ್ಲಿ ಪ್ರಾಣಿಯ ಹೆಸರು, ಕಂಡ ಜಾಗ, ಹೊತ್ತು ಇದ್ದವು. ಅವನ ಪಟ್ಟಿ ಹೀಗಿತ್ತು: ಆನೆ – ಬಾಳೆ, ಜೋಳ. ಹಂದಿ – ಕಡಲೆಕಾಯಿ. ಜಿಂಕೆ – ಹುರುಳಿ. ನವಿಲು – ಟೊಮೆಟೊ. ಕೋತಿ – ಎಲ್ಲ. ಚಿರತೆ – ನಾಯಿ ಎರಡು. ಹುಲಿ – ನಮ್ಮ ಚಿಕ್ಕಪ್ಪನ ಹಸ.

ಪ್ರಾಣಿಯ ಮುಂದೆ, ಅದು ತಮ್ಮಿಂದ ಏನು ತೆಗೆದುಕೊಂಡು ಹೋಯಿತೆಂಬ ಲೆಕ್ಕ. ಅದನ್ನು ಓದಿ ನಮ್ಮ ಮಕ್ಕಳು ಬಹಳ ಹೊತ್ತು ಮಾತಾಡಲಿಲ್ಲ. ಮಗ ಮೆಲ್ಲಗೆ ಕೇಳಿದ: ‘ಹಾಗಾದರೆ ನಿನಗೆ ಆನೆ ಕಂಡರೆ ಕೋಪಾನಾ?’ ಹುಡುಗ ಸ್ವಲ್ಪ ಯೋಚಿಸಿ, ‘ಇಲ್ಲ. ಅದ್ಕೂ ವಟ್ಟೆ ಅದಲ್ಲ. ಆದ್ರ ಭಯ ಆಯ್ತದ’ ಎಂದ.

ಬಂಡೀಪುರಕ್ಕೆ ಬರುವ ನಾವು ಮರೆಯುವುದು ಇದನ್ನೇ. ಕಾಡು ನಮಗೆ ಎರಡು ದಿನದ ನೋಟ, ಇವರಿಗೆ ಹಿತ್ತಿಲು. 2025ರ ನವೆಂಬರ್‌ನಲ್ಲಿ ಮೈಸೂರು ಜಿಲ್ಲೆಯ ಕಾಡಂಚಿನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದಾಗ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನೇ ನಿಲ್ಲಿಸಿ, ಆ ಸಿಬ್ಬಂದಿಯನ್ನು ಹಳ್ಳಿಗಳ ಕಡೆಗೆ ಕಳಿಸಬೇಕಾಯಿತು. ಹುಲಿಯ ಸಂಖ್ಯೆ ಏರಿದ್ದಕ್ಕೆ ನಾವು ಚಪ್ಪಾಳೆ ತಟ್ಟುತ್ತೇವೆ. ಆ ಚಪ್ಪಾಳೆಯ ಬೆಲೆ ತೆರುವವರಲ್ಲಿ ಸೌತೆಕಾಯಿ ಮಾರುವ ಈ ಹುಡುಗನ ಮನೆಯವರೂ ಇದ್ದಾರೆ. ಕಾಡು ಉಳಿಯಬೇಕು, ಅವನ ಹೊಲವೂ ಉಳಿಯಬೇಕು. ಈ ಲೆಕ್ಕ ಸುಲಭವಲ್ಲ. ಸುಲಭವಲ್ಲವೆಂಬುದನ್ನು ಮಕ್ಕಳು ಚಿಕ್ಕಂದಿನಲ್ಲೇ ತಿಳಿಯುವುದು ಒಳ್ಳೆಯದು.

ಅರಣ್ಯ ಇಲಾಖೆಗೆ ‘ಚಿಣ್ಣರ ವನದರ್ಶನ’ ಎಂಬ ಕಾರ್ಯಕ್ರಮವಿದೆ. ಸರ್ಕಾರಿ ಶಾಲೆಯ ಮಕ್ಕಳನ್ನು ಕಾಡಿಗೆ ಕರೆದೊಯ್ದು ತೋರಿಸುತ್ತಾರೆ. ಕಾಡಂಚಿನ ಶಾಲೆಗಳ ಶಿಕ್ಷಕರು, ಪೋಷಕರು ಕೇಳಿ ಇದನ್ನು ಪಡೆಯಬೇಕು. ಹೊಲದಲ್ಲಿ ಕತ್ತಲಲ್ಲಿ ಮಾತ್ರ ಆನೆ ಕಂಡ ಮಗು, ಹಗಲಿನಲ್ಲಿ ಅದು ತನ್ನ ಮರಿಗೆ ನೀರೆರೆಯುವುದನ್ನೂ ಒಮ್ಮೆ ಕಾಣಲಿ. ಪ್ರವಾಸಕ್ಕೆ ದುಡ್ಡೇ ಇಲ್ಲದ ಮನೆಗಳಿಗೂ ದಾರಿಯಿದೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಒಂದು ನೋಟ್‌ಬುಕ್ಕು ಹಿಡಿದು ಊರಿನ ಕೆರೆಯ ಹಕ್ಕಿ, ಹಳೆಯ ಗುಡಿ, ಅಜ್ಜಿಯರು ಹೇಳುವ ಮಾದಪ್ಪನ ಕಥೆ ಬರೆದರೂ ಒಂದು ಬೇಸಿಗೆ ತುಂಬುತ್ತದೆ.

ಇನ್ನೊಂದು ಮಾತು. ಅಗ್ಗದ ಪ್ರವಾಸವೆಂದರೆ ಕಾಡಿನ ಖರ್ಚಿನಲ್ಲಿ ಮಾಡುವ ಪ್ರವಾಸವಲ್ಲ. ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸುವುದು, ಕೋತಿಗೆ ಬಿಸ್ಕತ್ತು ಎಸೆಯುವುದು, ಪ್ಲಾಸ್ಟಿಕ್ ಬಿಸಾಡುವುದು ಅಪರಾಧ. ಬಿಸ್ಕತ್ತಿನ ರುಚಿ ಹತ್ತಿದ ಕೋತಿ ರಸ್ತೆ ಬಿಟ್ಟು ಹೋಗದೆ ಗಾಲಿಗೆ ಸಿಕ್ಕಿ ಸಾಯುತ್ತದೆ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಆನೆಯ ಹತ್ತಿರ ಫೋಟೋಗೆಂದು ಇಳಿದವರೊಬ್ಬರನ್ನು ಅದು ಅಟ್ಟಾಡಿಸಿ ಬೀಳಿಸಿತು. ಜೀವ ಉಳಿದದ್ದು ಪುಣ್ಯ, ಮೇಲೆ ದಂಡವನ್ನೂ ಕಟ್ಟಿದರು. ಬಸ್ಸಿನಲ್ಲಿ ಹೋಗುವವರಿಗೆ ಇಂಥ ದುರ್ಬುದ್ಧಿಗೆ ಅವಕಾಶವೇ ಇಲ್ಲ. ಅದೂ ಒಂದು ಉಳಿತಾಯ.

ಸಂಜೆಯ ಬಸ್ಸು ಹಿಡಿದು, ಬೇಗೂರು, ನಂಜನಗೂಡಿನ ಮೇಲೆ ಮೈಸೂರು ಸೇರಿದಾಗ ರಾತ್ರಿ ಎಂಟೂವರೆ. ರೈಲು, ಬಸ್ಸು, ವಸತಿ, ಊಟ, ಸೌತೆಕಾಯಿ ಎಲ್ಲ ಸೇರಿ ನಾಲ್ವರಿಗೆ ಎರಡೂವರೆ ಸಾವಿರ ದಾಟಲಿಲ್ಲ. ಮರುದಿನ ಪಕ್ಕದ ಮನೆಯವರು ಮಗನನ್ನು ಕೇಳಿದರು: ‘ಏನಪ್ಪ, ಹುಲಿ ಕಂಡಿತಾ?’

‘ಇಲ್ಲ, ಆನೆ ಕಂಡಿತು’ ಎಂದ. ಸ್ವಲ್ಪ ತಡೆದು ಸೇರಿಸಿದ: ‘ಹಂಗಳದ ಹುಡುಗನಿಗೆ ಮಾತ್ರ ಈ ವರ್ಷ ಕಾಣದೇ ಇದ್ದರೆ ಸಾಕು.’

ಹೋಗುವವರಿಗೆ

ಮೈಸೂರಿನಿಂದ ಚಾಮರಾಜನಗರಕ್ಕೆ ರೈಲು, ಬಸ್ಸು ಎರಡೂ ಇವೆ. ಚಾಮರಾಜನಗರದಿಂದ ತೆರಕಣಾಂಬಿ ಮಾರ್ಗವಾಗಿ ಗುಂಡ್ಲುಪೇಟೆಗೆ ಬಸ್ಸುಗಳಿವೆ. ಮೈಸೂರು–ಗುಂಡ್ಲುಪೇಟೆ 60 ಕಿ.ಮೀ.

ಶಕ್ತಿ ಯೋಜನೆಯ ಪ್ರಯಾಣಕ್ಕೆ ಗುರುತಿನ ಚೀಟಿ ಜೊತೆಗಿರಲಿ. ಊಟಿ ಕಡೆಯ ಅಂತರರಾಜ್ಯ ಬಸ್ಸುಗಳಿಗೆ ಈ ಸೌಲಭ್ಯವಿಲ್ಲ, ಎಲ್ಲರೂ ಟಿಕೆಟ್ ಪಡೆಯಬೇಕು.

ಗೋಪಾಲಸ್ವಾಮಿ ಬೆಟ್ಟಕ್ಕೆ ಬೆಳಗ್ಗೆ ಹೋದಷ್ಟೂ ಒಳ್ಳೆಯದು. ಸಂಜೆ ನಾಲ್ಕರ ಹೊತ್ತಿಗೆ ಮೇಲೆ ಬಿಡುವುದನ್ನು ನಿಲ್ಲಿಸುತ್ತಾರೆ. ರಜಾದಿನ, ಶನಿವಾರ, ಭಾನುವಾರ ಉದ್ದನೆಯ ಸಾಲು ಇರುತ್ತದೆ.

ಸಫಾರಿ ಮತ್ತು ತೆಪ್ಪಕಾಡಿನ ಶಿಬಿರ ತೆರೆದಿವೆಯೇ ಎಂದು ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಬೆಂಕಿಯ ಭಯವಿರುವ ತಿಂಗಳುಗಳಲ್ಲಿ ಮುಚ್ಚುವುದುಂಟು.

ಮಕ್ಕಳಿಗೆ ಟೋಪಿ, ಸ್ಟೀಲ್ ಬಾಟಲಿಯಲ್ಲಿ ನೀರು, ಬೆಟ್ಟದ ಗಾಳಿಗೆ ಒಂದು ತೆಳು ಸ್ವೆಟರ್, ಒಂದು ನೋಟ್‌ಬುಕ್ಕು, ಎರಡು ಪೆನ್ನು ಮರೆಯಬೇಡಿ. ಎರಡನೆಯ ಪೆನ್ನು ದಾರಿಯಲ್ಲಿ ಸಿಗುವ ಗೆಳೆಯನಿಗೆ.